ಬೆಂಗಳೂರಿನ ಎರಡು ಸಂಬಳವೋ, ಸ್ಟುಟ್‌ಗಾರ್ಟಿನ ಒಂದು ಸಂಬಳವೋ?

ತುಮಕೂರಿನವ:
ಎಲ್ಲರಿಗೂ ನಮಸ್ಕಾರ. ನನಗೆ 35. ಬೆಂಗಳೂರಿನಲ್ಲಿ ಕಾರಿನ ಸಾಫ್ಟ್‌ವೇರ್ ಕೆಲಸ, ವರ್ಷಕ್ಕೆ 30 ಲಕ್ಷ. ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಅವಳದು 6 ಲಕ್ಷ. ಮೂರು ವರ್ಷದ ಮಗಳಿದ್ದಾಳೆ. ಈಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ 68,000 ಯೂರೋ ಸಂಬಳದ ಆಫರ್ ಬಂದಿದೆ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ 68 ಲಕ್ಷ! ನೆಂಟರೆಲ್ಲ "ಇದರಲ್ಲಿ ಯೋಚನೆ ಮಾಡೋಕೆ ಏನಿದೆ" ಅಂತಾರೆ. ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವ ನನಗೂ ಹಾಗೇ ಅನಿಸುತ್ತದೆ. ಹೆಂಡತಿ ಮಾತ್ರ ಏನೂ ಹೇಳುತ್ತಿಲ್ಲ. ಅಪ್ಪ ಅಮ್ಮ ತುಮಕೂರಿನಲ್ಲಿದ್ದಾರೆ, ಇಬ್ಬರಿಗೂ ಎಪ್ಪತ್ತರ ಹತ್ತಿರ. ಅಲ್ಲಿರುವವರು ಹೇಳಿ, ಜೀವನ ಮಟ್ಟ ನಿಜವಾಗಿ ಎಷ್ಟು ಮೇಲಾಗುತ್ತದೆ?

ಲೆಕ್ಕದ ಮೇಷ್ಟ್ರು:
ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ ನೋಡಿ. 2025ರ ವರದಿಯಲ್ಲಿ 193 ದೇಶಗಳ ಪೈಕಿ ಜರ್ಮನಿ 5ನೇ ಸ್ಥಾನ, ಭಾರತ 130. ಆಯಸ್ಸು, ಓದು, ಆದಾಯ ಮೂರೂ ಅದರಲ್ಲಿ ಬರುತ್ತದೆ. ಇನ್ನೇನು ಬೇಕು? ಗಂಟು ಮೂಟೆ ಕಟ್ಟಿ.

ದಾವಣಗೆರೆ ಬೆಣ್ಣೆ:
ಮೇಷ್ಟ್ರೇ, ಆ ಪಟ್ಟಿ ಇಡೀ ದೇಶದ್ದು. 36 ಲಕ್ಷ ದುಡಿಯುವ ಬೆಂಗಳೂರಿನ ಮನೆ ಆ 130ರಲ್ಲಿ ಎಲ್ಲಿದೆ ಹೇಳಿ?

ತುಮಕೂರಿನವರೇ, ಮೊದಲು ನೂರರಿಂದ ಗುಣಿಸೋದು ಬಿಡಿ. ಖರ್ಚು ಮಾಡೋದೂ ಯೂರೋದಲ್ಲೇ ಅಲ್ವಾ. ನಾನಿರೋದು ಎಸ್ಲಿಂಗನ್‌ನಲ್ಲಿ, ಸ್ಟುಟ್‌ಗಾರ್ಟಿಗೆ ಎಸ್-ಬಾನ್ ರೈಲಿನಲ್ಲಿ ಇಪ್ಪತ್ತು ನಿಮಿಷವೂ ಬೇಡ. ನೀವೊಬ್ಬರೇ ದುಡಿದು, ಮೂರನೇ ತೆರಿಗೆ ವರ್ಗದಲ್ಲಿದ್ದರೆ (ಮದುವೆಯಾದವರಲ್ಲಿ ಒಬ್ಬರಿಗೆ ಸಿಗುವ, ಕಡಿತ ಕಡಿಮೆ ಇರುವ ವರ್ಗ), ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಳೆದು ಕೈಗೆ ಬರೋದು ತಿಂಗಳಿಗೆ 3,900 ಯೂರೋ ಆಸುಪಾಸು. ಈ ಕಡೆ ಮೂರು ಕೋಣೆಯ ಮನೆಗೆ ಹೀಟಿಂಗ್ ಸೇರಿ 1,400, 1,500 ಹೋಗುತ್ತದೆ. ಮೂರು ಕೋಣೆ ಅಂದರೆ ನಮ್ಮ ಲೆಕ್ಕದ 2 ಬಿಎಚ್‌ಕೆ, ಹಿಗ್ಗಬೇಡಿ. ಒಂದೇ ಸಂಬಳದಲ್ಲಿ ಆರಾಮಾಗಿ ಬದುಕಬಹುದು. ಆದರೆ ಈಗ ಬೆಂಗಳೂರಿನಲ್ಲಿ ಉಳಿಸುವಷ್ಟು ಉಳಿಯೋದು ಅನುಮಾನ.

ಸಿಗೋದು ಬೇರೆ. ನಮ್ಮ ಯಜಮಾನರಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಸ್ಪತ್ರೆಗೆ ನಾವು ಕೊಟ್ಟಿದ್ದು ದಿನಕ್ಕೆ 10 ಯೂರೋ, ಅಷ್ಟೇ. ಅದನ್ನೂ ವರ್ಷಕ್ಕೆ 28 ದಿನಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ. ಸರ್ಕಾರಿ ವಿಮೆ ತಗೊಂಡರೆ ದುಡಿಯದ ಹೆಂಡತಿ, ಮಗು ಇಬ್ಬರೂ ಅದೇ ಕಂತಿನಲ್ಲಿ ಬರುತ್ತಾರೆ. ಹುಷಾರಿಲ್ಲ ಅಂತ ಮಲಗಿದರೆ ಆರು ವಾರ ಪೂರ್ತಿ ಸಂಬಳ. ಎರಡು ವರ್ಷ ದುಡಿದ ಮೇಲೆ ಕೆಲಸ ಹೋದರೆ, ಮಗು ಇರುವವರಿಗೆ ಒಂದು ವರ್ಷದ ತನಕ ಕೈ ಸಂಬಳದ 67% ಬರುತ್ತದೆ. ಮಗುವಿನ ಹೆಸರಲ್ಲಿ ತಿಂಗಳಿಗೆ 255 ಯೂರೋ, ಇದು 2025ರ ದರ. ಶಾಲೆಗೆ ಫೀಸಿಲ್ಲ. ನನ್ನ ಮಗ ಒಬ್ಬನೇ ನಡೆದು ಶಾಲೆಗೆ ಹೋಗುತ್ತಾನೆ. ದಾವಣಗೆರೆಯಲ್ಲಿ ನಮ್ಮಮ್ಮ ಇದನ್ನು ಇನ್ನೂ ನಂಬಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾರ ಜೀವನ ಮಟ್ಟ? ನಿಮ್ಮದು ಮೇಲೆ ಹೋಗುತ್ತದೆ. ಮಗಳದು ಹೋಗುತ್ತದೆ. ನಿಮ್ಮ ಹೆಂಡತಿಯದು?

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು. ಇಲ್ಲಿಗೆ ಬಂದ ಹೊಸದರಲ್ಲಿ ಬ್ರೆಡ್ ಅಂಗಡಿಯಲ್ಲಿ ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಿದ್ದೆ. ವಿದ್ಯಾರ್ಥಿಗಳು ಎದ್ದು ನಿಲ್ಲುತ್ತಿದ್ದ ಕಡೆಯಿಂದ ಅಲ್ಲಿಗೆ. ಬ್ಲೂ ಕಾರ್ಡ್, ಅಂದರೆ ಓದಿದ ಕೆಲಸಗಾರರಿಗೆ ಕೊಡುವ ಪರವಾನಗಿ, ಇರುವವರ ಹೆಂಡತಿಗೆ ಮೊದಲ ದಿನದಿಂದಲೇ ಕೆಲಸ ಮಾಡುವ ಹಕ್ಕಿದೆ, ನಿಜ. ಆದರೆ ಕೆಲಸ ಕೊಡುವವರು ಬೇಕಲ್ಲ! ಸರ್ಕಾರಿ ಶಾಲೆಯ ಟೀಚರ್ ಆಗಲು ಇಲ್ಲಿ ಸಾಮಾನ್ಯವಾಗಿ ಎರಡು ವಿಷಯ ಓದಿರಬೇಕು. ನಮ್ಮ ಬಿ.ಎಡ್ ಅನ್ನು ಹಾಗೇ ಒಪ್ಪಲ್ಲ. ಜರ್ಮನ್ ಭಾಷೆ ಸಿ1 ಮಟ್ಟಕ್ಕಿಂತ (ಎ1ರಿಂದ ಸಿ2 ತನಕದ ಆರು ಮಟ್ಟಗಳಲ್ಲಿ ಐದನೆಯದು) ಕೆಳಗಿದ್ದರೆ ಮಾತೇ ಇಲ್ಲ. ಭಾಷೆ ಕಲಿಯಬೇಕಾದರೆ ಮಗಳಿಗೆ ಕಿಟಾದಲ್ಲಿ, ಅಂದರೆ ಶಿಶುವಿಹಾರದಲ್ಲಿ, ಜಾಗ ಸಿಗಬೇಕು. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಕೊಡಬೇಕು ಅಂತ 2013ರಿಂದ ಕಾನೂನಿದೆ. ಕಾನೂನು ಇದೆ, ಜಾಗ ಇಲ್ಲ. ಕಾಯುವ ಅಷ್ಟೂ ದಿನ ಮನೆಯಲ್ಲಿ ಇರೋರು ಯಾರು? ಮನೆಗೆಲಸದವಳು ಇಲ್ಲ, ಅತ್ತೆ ಇಲ್ಲ, ಪಕ್ಕದ ಮನೆ ಆಂಟಿ ಇಲ್ಲ. ಇದರ ಮೇಲೆ ಈ ಶ್ವಾಬಿಯಾ ಸೀಮೆಯ ಕೇರ್‌ವೋಖೆ. ನಿಮ್ಮ ಸರದಿ ಬಂದ ವಾರ ಬಾಗಿಲಿಗೆ ಬೋರ್ಡು ತಗುಲಿ ಹಾಕುತ್ತಾರೆ, ಮೆಟ್ಟಿಲು ಗುಡಿಸಿ ಒರೆಸಬೇಕು. ಒರೆಸೋದು ನೀವೋ ನಿಮ್ಮ ಹೆಂಡತಿಯೋ, ಹೊರಡುವ ಮುಂಚೆಯೇ ತೀರ್ಮಾನ ಮಾಡಿ.

ನಾನು ಈಗ ಲ್ಯಾಬೊಂದರಲ್ಲಿ ವಾರಕ್ಕೆ 30 ಗಂಟೆ ಕೆಲಸ ಮಾಡುತ್ತೇನೆ. ಇಷ್ಟ ಇದೆ. ಪಾಠ ಮಾಡೋದು ಹೋಯಿತು.

ಮೈಸೂರಿಗೆ ವಾಪಸ್:
ಮೇಡಂ ಹೇಳಿದ್ದು ಸರಿ. ನಾವು ಮ್ಯೂನಿಕ್‌ನಲ್ಲಿದ್ದೆವು. ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ವಾಪಸ್ ಬಂದೆವು. ಅಪ್ಪ ಅಮ್ಮನನ್ನು ಕರೆಸಿಕೊಂಡರಾಯಿತು ಅಂತ ಜನ ಸುಲಭವಾಗಿ ಹೇಳುತ್ತಾರೆ. ಪ್ರವಾಸಿ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. 2024ರ ಮಾರ್ಚ್‌ನಿಂದ ಹೊಸದಾಗಿ ಹೋದ ನುರಿತ ಕೆಲಸಗಾರರು ತಂದೆ ತಾಯಿಯನ್ನು ಕರೆಸಿಕೊಳ್ಳಲು ದಾರಿ ಬಿಟ್ಟಿದ್ದಾರೆ, ಆದರೆ ಆ ವಯಸ್ಸಿನವರಿಗೆ ಆರೋಗ್ಯ ವಿಮೆ ಮಾಡಿಸುವಷ್ಟರಲ್ಲಿ ಸಾಕಾಗಿಹೋಗುತ್ತದೆ. ಇನ್ನು ಅಲ್ಲಿ ನನಗೆ ಕಣ್ಣಿನ ಡಾಕ್ಟರ್ ಅಪಾಯಿಂಟ್‌ಮೆಂಟ್ ಮೂರು ತಿಂಗಳಾದ ಮೇಲೆ ಸಿಕ್ಕಿತು. ಮೈಸೂರಿನಲ್ಲಿ ಅಪ್ಪನ ಸ್ಕ್ಯಾನ್ ಅದೇ ದಿನ ಆಯಿತು. ಬಿಲ್ಲೂ ಅದೇ ದಿನ ಬಂತು ಅನ್ನಿ. ಈಗ ಮಗಳ ಸ್ಕೂಲ್ ಫೀಸ್ ಕಟ್ಟುವಾಗೆಲ್ಲ ಹೆಂಡತಿಗೆ ಮ್ಯೂನಿಕ್ ನೆನಪಾಗುತ್ತದೆ. ನನಗೆ ನೆನಪಾಗೋದು ಫುಟ್‌ಪಾತ್.

ತುಮಕೂರಿನವ:
ಅಕ್ಕಾ, ನಿಮ್ಮ ಉತ್ತರ ಹೆಂಡತಿಗೆ ಓದಿಸಿದೆ. "ಇದನ್ನೇ ಎರಡು ವಾರದಿಂದ ಹೇಳಬೇಕು ಅಂದುಕೊಂಡಿದ್ದೆ" ಅಂದಳು. ಅವಳು ಒಂದು ಪ್ರಶ್ನೆ ಕೇಳಲು ಹೇಳಿದ್ದಾಳೆ. ನಾನು ಮೊದಲು ಹೋಗಿ, ಕಿಟಾ ಜಾಗ ಸಿಕ್ಕ ಮೇಲೆ ಅವಳು ಬಂದರೆ? ಅಷ್ಟರಲ್ಲಿ ಶಾಲೆಯ ವರ್ಷವೂ ಮುಗಿಯುತ್ತದೆ.

ದಾವಣಗೆರೆ ಬೆಣ್ಣೆ:
ಜಾಣೆ! ಹಾಗೇ ಮಾಡಿ. ಅವರು ಬೆಂಗಳೂರಿನಲ್ಲೇ ಜರ್ಮನ್ ಬಿ1 ಮಟ್ಟ ಮುಗಿಸಿಕೊಂಡು ಬರಲಿ, ಅಲ್ಲಿ ಮಗಳನ್ನು ನೋಡಿಕೊಳ್ಳಲು ಜನ ಇದ್ದಾರೆ. ನೀವು ಮನೆ ವಿಳಾಸ ನೋಂದಾಯಿಸಿದ ವಾರವೇ ಕಿಟಾಗೆ ಅರ್ಜಿ ಹಾಕಿ. ಒಂದಕ್ಕೇ ಹಾಕಿ ಕೂರಬೇಡಿ. ಅವರು ದುಡಿಯಲು ಶುರು ಮಾಡಿದ ಮೇಲೆ ಇಬ್ಬರೂ ನಾಲ್ಕನೇ ತೆರಿಗೆ ವರ್ಗಕ್ಕೆ ಹೋಗಿ. ನೀವು ಮೂರರಲ್ಲೇ ಉಳಿದರೆ ಅವರು ಐದಕ್ಕೆ ಬೀಳುತ್ತಾರೆ, ಅವರ ಸಂಬಳದಲ್ಲಿ ತಿಂಗಳು ತಿಂಗಳು ಜಾಸ್ತಿ ಕಡಿತ ಆಗುತ್ತದೆ. ಆಮೇಲೆ ಮನೆ ಹುಡುಕುವಾಗ ಅಡುಗೆಮನೆ ಫಿಟ್ ಆಗಿದೆಯಾ ಅಂತ ಕೇಳಿ. ಎಷ್ಟೋ ಮನೆಯಲ್ಲಿ ಬರೀ ಗೋಡೆ, ಪೈಪು ಇರುತ್ತದೆ. ಸಿಂಕು, ಒಲೆ ಎಲ್ಲ ನಾವೇ ತರಬೇಕು.