ಸೊಳ್ಳೆ, ಇಲಿ ಮತ್ತು ಒಂದು ಸೇರು ಕಡಲೆಕಾಯಿ

ಕಡಲೆಕಾಯಿ ಪರಿಷೆಗೆ ಹೋದವರು ಕಾಯಿ ತಿಂದು ಸುಮ್ನೆ ಮನೆಗೆ ಬರಬೇಕು. ನಮ್ಮ ಗುಂಪಿಗೆ ತಿನ್ನೋದು ಬರುತ್ತದೆ, ಸುಮ್ನಿರೋದು ಬರಲ್ಲ.

ಕಾರ್ತಿಕದ ಕೊನೆಯ ಸೋಮವಾರ. ಬಸವನಗುಡಿಯಲ್ಲಿ ಕಾಲಿಡಲು ಜಾಗವಿಲ್ಲ. ಪೀಪಿ ಊದುವ ಮಕ್ಕಳು, ಬತ್ತಾಸು, ಬಳೆ ಅಂಗಡಿ ಎಲ್ಲ ದಾಟಿ ಐದು ಜನ ಹೇಗೋ ಕಹಳೆ ಬಂಡೆ ಹತ್ತಿರ ಒಂದು ಕಲ್ಲುಕಟ್ಟೆ ಹಿಡಿದೆವು. ನಡುವೆ ಹಳೇ ಪೇಪರ್ ಹಾಸಿದೆವು. ಬೇಯಿಸಿದ್ದು ಒಂದು ಸೇರು, ಹುರಿದದ್ದು ಒಂದು ಸೇರು ಸುರಿದೆವು.

ಸೀನ ಕೊನೆಗೆ ಬಂದ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದವನ ಮುಖ ಹೇಗಿರುತ್ತದೋ ಹಾಗೇ ಇತ್ತು.

"ಇದೂ ಒಂದು ಊರೇನ್ರೋ?" ಎಂದೇ ಶುರು ಮಾಡಿದ. "ದೊಡ್ಡ ಊರು ಅಂದ್ರೆ ಒಂದು ನದಿ ಇರ್ಬೇಕು, ಇಲ್ಲ ಕಡಲಿರ್ಬೇಕು. ಇಲ್ಲಿ ಏನಿದೆ? ನೀರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಬರಬೇಕು. ಅದೂ ಸುಮ್ನೆ ಹರಿದು ಬರಲ್ಲ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡ್ಬೇಕು. 1905ರಲ್ಲಿ ಬೀದಿಗೆ ಕರೆಂಟ್ ದೀಪ ಬಂತು ಅಂತ ಮೆರೀತೀರಲ್ಲ, ಆ ಕರೆಂಟೂ ಶಿವನಸಮುದ್ರದ್ದು. ಈಗ ತಿಂತಿರೋ ಕಾಯಿನೂ ಇಲ್ಲಿ ಬೆಳೆದದ್ದಲ್ಲ. ಬೆಂಗಳೂರಲ್ಲಿ ಬೆಳೆಯೋದು ಬಾಡಿಗೆ ಒಂದೇ."

ಗುಂಡನಿಗೆ ಉರಿಯಿತು. ಅವನದು ಮೂರು ತಲೆಮಾರಿನ ಚಿಕ್ಕಪೇಟೆ ಮನೆ. ಚಿಕ್ಕಪೇಟೆಯ ಬಗ್ಗೆ ಮಾತಾಡಿದರೆ ಅವನ ತಾಯಿಯ ಬಗ್ಗೆ ಮಾತಾಡಿದ ಹಾಗೆ. "ಹಂಗಾದ್ರೆ ನೀನು ಯಾಕೋ ಬಂದೆ ಇಲ್ಲಿಗೆ? ಯಾರಾದ್ರೂ ಕರೆದಿದ್ರಾ?"

"ಇಬ್ರೂ ಸ್ವಲ್ಪ ತಡೀರಿ," ಎಂದರು ಮೇಷ್ಟ್ರು. ನಲವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ರಿಟೈರ್ ಆದವರು. ಕರಿಹಲಗೆ ಇಲ್ಲದೆ ಮಾತು ಬರುವುದಿಲ್ಲ. ಪೇಪರ್ ಮೇಲೆ ಕಡಲೆಕಾಯಿಯನ್ನು ಎರಡು ಸಾಲಾಗಿ, ಒಂದನ್ನೊಂದು ಅಡ್ಡ ದಾಟುವ ಹಾಗೆ ಜೋಡಿಸಿದರು.

"ಇದು ದೊಡ್ಡಪೇಟೆ, ಇದು ಚಿಕ್ಕಪೇಟೆ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿ ಇಲ್ಲಿ ಊರು ಮಾಡಿದರು. ನದಿ ಇಲ್ಲ ಅಂತ ಅವರಿಗೂ ಗೊತ್ತಿತ್ತು ಸೀನಪ್ಪಾ. ಅದಕ್ಕೇ ಕೆರೆ ತೋಡಿಸಿದರು. ಆಮೇಲೆ ಪೇಟೆಗಳ ಹೆಸರು ನೋಡಿ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ. ಅಕ್ಕಿ ಬೆಳೆಯೋದು ಎಲ್ಲೋ, ಅರಳೆ ಬೆಳೆಯೋದು ಇನ್ನೆಲ್ಲೋ. ಮಾರಾಟ ಇಲ್ಲಿ. ಬೆಳೆಯದ ಊರಿಗೇ ಬೆಳೆಗಳ ಹೆಸರು."

ಅಷ್ಟರಲ್ಲಿ ಗುಂಡ ಮೈಮರೆತು ಅರಳೆಪೇಟೆಯನ್ನು ಸುಲಿದು ಬಾಯಿಗೆ ಹಾಕಿಕೊಂಡಿದ್ದ.

ಮೇಷ್ಟ್ರು ಅದನ್ನು ನೋಡಿಯೂ ನೋಡದವರ ಹಾಗೆ ಒಂದು ಹಿಡಿ ಹುರಿದ ಕಾಯಿಯನ್ನು ಪೇಪರಿನ ಪೂರ್ವದ ಅಂಚಿಗೆ ತಳ್ಳಿದರು. "ಇದು ದಂಡು. ಬ್ರಿಟಿಷರ ಸೈನ್ಯ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದಲ್ಲೇ ಇತ್ತು. ಅಲ್ಲಿ ನದಿ ಇತ್ತಪ್ಪ, ನೀನು ಕೇಳಿದ ಹಾಗೇ. ಜೊತೆಗೆ ಸೊಳ್ಳೆಯೂ ಇತ್ತು. ಸಿಪಾಯಿಗಳು ಜ್ವರದಲ್ಲಿ ಸಾಯೋಕೆ ಶುರುವಾದರು. 1809ರಲ್ಲಿ ಗಂಟುಮೂಟೆ ಕಟ್ಟಿ ಈ ತಣ್ಣನೆ ದಿಬ್ಬಕ್ಕೆ ಬಂದರು."

"ಅಂದ್ರೆ ಎಂ.ಜಿ. ರೋಡ್ ಹುಟ್ಟಿದ್ದು ಸೊಳ್ಳೆಯಿಂದ!" ಎಂದ ನಾಗು. ಉಡುಪಿಯವನು, ಖುಷಿಯಾದರೆ ತೊಡೆ ತಟ್ಟುತ್ತಾನೆ. ತಟ್ಟಿದ್ದು ನನ್ನ ತೊಡೆ.

"ಸೊಳ್ಳೆ ಒಂದೇ ಅಲ್ಲ. ನಾವು ಕೂತಿದ್ದೀವಲ್ಲ ಈ ಬಸವನಗುಡಿ, ಆ ಕಡೆ ಮಲ್ಲೇಶ್ವರ, ಇಲ್ಲಿ ಜನ ಬಂದು ತುಂಬಿಕೊಂಡದ್ದು 1898ರ ಪ್ಲೇಗಿನಿಂದ. ಪೇಟೆಯ ಸಂದಿಗಳಲ್ಲಿ ಇಲಿ ಬಿದ್ದು, ಹಿಂದೆಯೇ ಜನ ಬಿದ್ದರು. ಉಳಿದವರಿಗೆ ಗಾಳಿ ಬೆಳಕು ಬೇಕಾಯ್ತು. ಅದಕ್ಕೇ ನೋಡಿ, ಇಲ್ಲಿ ರಸ್ತೆಗಳು ಅಗಲ."

ಅಗಲ ಎಂಬ ಮಾತಿಗೆ ಸರಿಯಾಗಿ ಒಂದು ಆಟೋ ನಮ್ಮ ಕಟ್ಟೆಗೆ ಒರೆಸಿಕೊಂಡು ಹೋಯಿತು.

ನನಗೆ ಈ ಲೆಕ್ಕ ಹಿಡಿಸಿತು. ಬೇರೆ ಊರುಗಳು ಇದ್ದದ್ದರಿಂದ ಬೆಳೆದವು, ಇದು ಇಲ್ಲದ್ದರಿಂದ ಬೆಳೆಯಿತು. ಕಡಲಿಲ್ಲ, ಗಡಿ ಹತ್ತಿರವಿಲ್ಲ. ಶತ್ರುವಿಗೆ ಸುಲಭಕ್ಕೆ ಸಿಗದ ಜಾಗ. ಅದೇ 1940ರಲ್ಲಿ ವಿಮಾನ ಕಾರ್ಖಾನೆಗೆ ಅನುಕೂಲವಾಯಿತು. ಅದರ ಹಿಂದೆ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಅಂತ ಸರ್ಕಾರಿ ಕಾರ್ಖಾನೆಗಳೆಲ್ಲ ಬಂದವು. ಅಷ್ಟು ಹೊತ್ತಿಗೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್, ಶುರುವಾಗಿ ಮೂವತ್ತು ವರ್ಷ ದಾಟಿತ್ತು. ಓದಿದವರೂ ಇದ್ದರು, ಸ್ಪ್ಯಾನರ್ ಹಿಡಿಯುವವರೂ ಇದ್ದರು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂದು ಸಾಫ್ಟ್‌ವೇರ್ ಕೆಲಸ ಶುರು ಮಾಡಿದಾಗ ನೆಲ ಹದವಾಗಿಯೇ ಇತ್ತು. ಸಾಫ್ಟ್‌ವೇರಿನವರು ಬೆಂಗಳೂರನ್ನು ಕಟ್ಟಿದರು ಅನ್ನುವವರಿಗೆ, ಕೈಗಡಿಯಾರದ ಕಾರ್ಖಾನೆಗೆ ಬುತ್ತಿ ಹಿಡಿದು ಹೋದ ನಮ್ಮ ಚಿಕ್ಕಪ್ಪನಂಥವರನ್ನು ತೋರಿಸಬೇಕು ಅನ್ನಿಸುತ್ತದೆ.

ಇದನ್ನೆಲ್ಲ ನಾನು ಜೋರಾಗಿಯೇ ಹೇಳಿಬಿಟ್ಟೆ. ಸೀನ ಬಿಡುವ ಆಸಾಮಿಯಲ್ಲ.

"ಇಲ್ಲದೇ ಇರೋದೇ ಬಂಡವಾಳ ಅಂದ್ರೆ, 2024ರ ಬೇಸಿಗೆಲಿ ನಮ್ಮ ಲೇಔಟಿನವರೆಲ್ಲ ಕೋಟ್ಯಧಿಪತಿಗಳಾಗಬೇಕಿತ್ತು. ಬೋರ್‌ವೆಲ್ ಒಣಗಿ ಒಂದು ತಿಂಗಳು ಟ್ಯಾಂಕರ್ ಹಿಂದೆ ಓಡಿದೀವಿ. ಕೆರೆ ತೋಡಿಸಿದ್ರು ಅಂದ್ರಲ್ಲ ಮೇಷ್ಟ್ರೇ, ಎಲ್ಲಿ ಕೆರೆ?"

ಮೇಷ್ಟ್ರು ಒಂದು ಖಾಲಿ ಸಿಪ್ಪೆಯನ್ನು ಪಶ್ಚಿಮಕ್ಕೆ ಇಟ್ಟರು. "ಇದು ಧರ್ಮಾಂಬುಧಿ ಕೆರೆ. ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್." ಇನ್ನೊಂದು ಸಿಪ್ಪೆ ಇಟ್ಟರು. "ಸಂಪಂಗಿ ಕೆರೆ. ಈಗ ಕಂಠೀರವ ಸ್ಟೇಡಿಯಂ." ಮೂರನೇ ಸಿಪ್ಪೆ ಕೈಗೆ ತೆಗೆದುಕೊಂಡು, ಇಡದೆ ಕೆಳಗೆ ಬಿಟ್ಟರು. ಆ ಮಾತಿಗೆ ಗುಂಡನ ಹತ್ತಿರವೂ ಉತ್ತರ ಇರಲಿಲ್ಲ.

ಸುಮ್ಮನಿದ್ದರೆ ಕಾಯಿ ಬೇಗ ಖಾಲಿಯಾಗುತ್ತದೆ ಅಂತ ನಾಗು ಬಾಯಿ ತೆರೆದ. "ವ್ಯಾಪಾರ ಬಿಡಿ ಮಾರಾಯ್ರೆ, ತಿಂಡಿಯೂ ನಿಮ್ಮದಲ್ಲ. ಮಾವಳ್ಳಿಯಲ್ಲಿ 1924ರಲ್ಲಿ ಹೋಟೆಲ್ ಇಟ್ಟ ಮಯ್ಯರು ನಮ್ಮ ಉಡುಪಿ ಕಡೆಯವರು. ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಅವರು ರವೆಯಲ್ಲಿ ಇಡ್ಲಿ ಮಾಡಿದರಂತೆ. ಅದನ್ನೀಗ ನೀವು ಕ್ಯೂ ನಿಂತು ಬೆಂಗಳೂರಿನ ಸ್ಪೆಷಲ್ ಅಂತ ತಿನ್ನುವುದು."

"ಕರಗ ನಮ್ಮದು ಕಣೋ!" ಗುಂಡ ಎದ್ದೇ ನಿಂತ. "ಚೈತ್ರದ ಹುಣ್ಣಿಮೆ ರಾತ್ರಿ ಬಂದು ನೋಡು. ಧರ್ಮರಾಯನ ಗುಡಿಯಿಂದ ಹೊರಟ ಕರಗ ಮಸ್ತಾನ್ ಸಾಬರ ದರ್ಗಾಕ್ಕೆ ಹೋಗಿಯೇ ಮುಂದೆ ಹೋಗೋದು. ನಮ್ಮಜ್ಜಿ ಬೀದಿಗೆ ನೀರು ಹಾಕಿ, ಮಲ್ಲಿಗೆ ಹಿಡ್ಕೊಂಡು ಬೆಳಗಿನ ಜಾವದವರೆಗೂ ಕಾಯ್ತಿದ್ರು. ಇದನ್ನ ಯಾವ ಊರಿಂದ ಪೈಪಲ್ಲಿ ತಂದ್ರು, ಹೇಳು ಸೀನ?"

ಸೀನ ಹೇಳಲಿಲ್ಲ. ಬಾಯಲ್ಲಿ ಕಾಯಿ ಇತ್ತು. ಪೇಪರ್ ನೋಡಿದರೆ ದೊಡ್ಡಪೇಟೆ ಪೂರ್ತಿ ಮಾಯ. ದಂಡಿನಲ್ಲಿ ಎರಡು ಜೊಳ್ಳು ಕಾಯಿ ಉಳಿದಿದ್ದವು.

ಏಳುವ ಹೊತ್ತಾಯಿತು. ಸೀನ ಮಾರನೇ ದಿನ ಊರಿಗೆ ಹೊರಡುವವನಿದ್ದ. ಅವನ ಊರು ಚಿಂತಾಮಣಿ ಪಕ್ಕದ ಹಳ್ಳಿ. "ಅಮ್ಮನಿಗೆ ಪರಿಷೆ ಕಾಯಿ ಅಂದ್ರೆ ಜೀವ," ಎನ್ನುತ್ತಾ ರಸ್ತೆ ಬದಿ ರಾಶಿ ಹಾಕಿಕೊಂಡು ಕೂತಿದ್ದ ಒಬ್ಬ ಹೆಂಗಸಿನ ಹತ್ತಿರ ಹೋದ. ಕಾಯಿ ಅಲ್ಲಾಡಿಸಿ ನೋಡಿದ, ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡ, ಚೌಕಾಸಿ ಮಾಡಿದ. ಆಕೆ ಒಂದು ಪೈಸೆ ಇಳಿಸಲಿಲ್ಲ.

"ಅಷ್ಟೊಂದಾ? ಎಲ್ಲಿಯ ಕಾಯಮ್ಮಾ ಇದು?"

"ಚಿಂತಾಮಣೀದು ಸಾಮಿ. ಬೆಳಿಗ್ಗೆ ಲಾರೀಲಿ ಇಳಿದೈತೆ."

ಸೀನ ನಮ್ಮ ಕಡೆ ತಿರುಗಿ ನೋಡಲಿಲ್ಲ. ಎರಡು ಸೇರು ಅಳೆಸಿಕೊಂಡು ಬ್ಯಾಗಿಗೆ ಹಾಕಿಸಿಕೊಂಡ.