ಆರೇ ಆರು ಮ್ಯಾಚಿಗೆ ಸೆಮಿಫೈನಲ್ಲಾ?

ಮಂಜನ ಹತ್ರ ಏನ್ ಬೇಕಾದ್ರೂ ಮಾತಾಡು, 2020ರ ಕಾಲೇಜ್ ಫುಟ್‌ಬಾಲ್ ಮಾತ್ರ ಎತ್ಬೇಡ ಅಂತ ರಾಘುಗೆ ಮೊದಲೇ ಹೇಳಿದ್ದೆ. ಅವನು ಮೈಸೂರಲ್ಲಿ ಕೂತಿರೋನು, ಅಮೆರಿಕದ ಆಟ ಅವನಿಗೇನು ಗೊತ್ತು, ವಿಡಿಯೋ ಕಾಲ್‌ಗೆ ಬಂದವನೇ "ಮಂಜ, ಕೊರೋನಾ ವರ್ಷ ನಿಮ್ಮ ಟೆಕ್ಸಾಸ್ ಎ ಅಂಡ್ ಎಂ ಇಡೀ ದೇಶಕ್ಕೇ ಐದನೇ ಸ್ಥಾನ ಅಂತಲ್ಲೋ, ಕಂಗ್ರಾಟ್ಸ್" ಅಂದ. ಮುಗೀತು. ಆಗ ಒಂದು ಕಮಿಟಿ ಕೂತು ಟೀಮ್‌ಗಳಿಗೆ ಸ್ಥಾನ ಕೊಟ್ಟು, ಮೊದಲ ನಾಲ್ಕನ್ನ ಮಾತ್ರ ಸೆಮಿಫೈನಲ್‌ಗೆ ಕಳಿಸ್ತಿತ್ತು ಅಂತ ಪಾಪ ಅವನಿಗೆ ಯಾರೂ ಹೇಳಿರ್ಲಿಲ್ಲ.

ಮಂಜ ಶುರು ಮಾಡ್ದ. "ಒಂಬತ್ತು ಆಡಿ ಎಂಟು ಗೆದ್ವಿ ಕಣೋ, ಒಂಬತ್ತು! ಅದೂ ಎಸ್‌ಇಸಿ ಅನ್ನೋ ಘಟಾನುಘಟಿ ಗುಂಪಲ್ಲಿ. ಈ ಸೀನನ ಒಹಾಯೋ ಸ್ಟೇಟ್ ಎಷ್ಟು ಆಡಿತ್ತು ಕೇಳು."

"ಆರಕ್ಕೆ ಆರೂ ಗೆದ್ವಿ" ಅಂದ ಸೀನ, ತಾನೇ ಹೆಲ್ಮೆಟ್ ಹಾಕ್ಕೊಂಡು ಓಡಿದ್ದ ಥರ. ಆ ವರ್ಷ ಇವನು ಕೊಲಂಬಸ್ಸಲ್ಲಿ ಬೇಸ್‌ಮೆಂಟ್ ಬಿಟ್ಟು ಮೇಲಕ್ಕೆ ಬಂದಿದ್ದೇ ಕಮ್ಮಿ.

ರಾಘುಗೆ ಅರ್ಥ ಆಗ್ಲಿಲ್ಲ. ಒಂದೇ ಟೂರ್ನಮೆಂಟಲ್ಲಿ ಒಬ್ರು ಒಂಬತ್ತು ಇನ್ನೊಬ್ರು ಆರು ಅಂದ್ರೆ ಏನರ್ಥ? ಅಲ್ಲೇ ಇರೋದು ಮಜಾ. ಅಲ್ಲಿ ಇಡೀ ದೇಶಕ್ಕೆ ಒಂದೇ ಬೋರ್ಡ್ ಅಂತ ಇಲ್ಲ, ಕಾನ್ಫರೆನ್ಸ್ ಅಂತ ಕಾಲೇಜುಗಳ ಗುಂಪುಗಳು, ಒಂದೊಂದೂ ಒಂದೊಂದು ಸಾಮ್ರಾಜ್ಯ, ಕೊರೋನಾ ಬಂದಾಗ ಎಲ್ರೂ ಅವರವರಿಗೆ ತೋಚಿದ ಹಾಗೆ ಮಾಡಿದ್ರು. ಎಸ್‌ಇಸಿಯೋರು ಸೆಪ್ಟೆಂಬರ್ 26ಕ್ಕೆ ಶುರು ಹಚ್ಕೊಂಡ್ರು. ಸೀನನ ಬಿಗ್ ಟೆನ್‌ನೋರು ಆಗಸ್ಟ್ 11ಕ್ಕೆ "ಆಟ ಇಲ್ಲ, ಆರೋಗ್ಯ ಮುಖ್ಯ" ಅಂತ ಗಂಭೀರವಾಗಿ ಘೋಷಿಸಿ, ಪಕ್ಕದ ಮನೇಲಿ ಆಡೋಕೆ ರೆಡಿ ಆಗ್ತಿರೋದು ನೋಡಿ ಹೊಟ್ಟೆ ಉರಿ ತಡೀಲಾರ್ದೆ ಸೆಪ್ಟೆಂಬರ್ 16ಕ್ಕೆ "ಆಡ್ತೀವಿ" ಅಂದ್ರು. ಮೊದಲ ಮ್ಯಾಚ್ ಆಗಿದ್ದು ಅಕ್ಟೋಬರ್ ಕೊನೇಲಿ. ಪ್ಯಾಕ್-12 ಅನ್ನೋ ಇನ್ನೊಂದು ಗುಂಪು ಇನ್ನೂ ಲೇಟು, ನವೆಂಬರ್.

"ಆಮೇಲೆ ಮೂರು ಮ್ಯಾಚ್ ಕ್ಯಾನ್ಸಲ್ ಆಯ್ತು, ಅದು ನಮ್ ತಪ್ಪಾ?" ಸೀನನ ರಾಗ. "ಮೇರಿಲ್ಯಾಂಡ್‌ನೋರಿಗೆ ಕೊರೋನಾ. ಮಿಶಿಗನ್‌ನೋರಂತೂ ಬರ್ಲೇ ಇಲ್ಲ, 1918ರಿಂದ ಪ್ರತಿ ವರ್ಷ ತಪ್ಪದೇ ಆಡ್ತಿದ್ದ ಮ್ಯಾಚ್ ಅದು, ಸೋಲ್ತೀವಿ ಅಂತ ಹೆದ್ರಿಕೊಂಡ್ರು ಅಷ್ಟೇ."

"ಇಲಿನಾಯ್ ಮ್ಯಾಚ್ ಯಾಕೆ ಹೋಯ್ತು ಅದನ್ನೂ ಹೇಳೋ."

"ಅದು... ನಮ್ಮೋರಿಗೇ ಬಂದಿತ್ತು."

ಈಗ ನಿಜವಾದ ತಮಾಷೆ ಕೇಳಿ. ಬಿಗ್ ಟೆನ್ ಫೈನಲ್ ಆಡ್ಬೇಕು ಅಂದ್ರೆ ಕನಿಷ್ಠ ಆರು ಮ್ಯಾಚ್ ಆಡಿರ್ಬೇಕು ಅಂತ ಅವರೇ ರೂಲ್ ಮಾಡಿದ್ರು. ಅಷ್ಟೊತ್ತಿಗೆ ಒಹಾಯೋ ಸ್ಟೇಟ್ ಆಡಿದ್ದು ಐದೇ, ಸೀನ ಹೇಳೋ ಆರನೇದು ಆ ಫೈನಲ್ಲೇ. ರೂಲ್ ಪ್ರಕಾರ ಇಂಡಿಯಾನಾ ಹೋಗ್ಬೇಕಿತ್ತು. ಡಿಸೆಂಬರ್ 9ಕ್ಕೆ ಎಲ್ಲ ಸೇರಿ ಮೀಟಿಂಗ್ ಮಾಡಿ ಏನ್ ಮಾಡಿದ್ರು ಗೊತ್ತಾ, ರೂಲನ್ನೇ ಕಿತ್ ಹಾಕಿದ್ರು! ಸೀನ ಅದಕ್ಕೂ ರೆಡಿ ಇದ್ದ, "ಇಂಡಿಯಾನಾನ ನಾವೇ 42-35 ಸೋಲಿಸಿದ್ವಲ್ಲ, ಮತ್ತೆ ಅವರು ಹೋಗಿ ಏನ್ ಮಾಡ್ಬೇಕು" ಅಂತ. ಲಾಜಿಕ್ ಇದೆ, ಒಪ್ತೀನಿ. ಆದ್ರೆ ಅದೇ ಐದು ಮ್ಯಾಚ್ ಇಂಡಿಯಾನಾದೋರು ಆಡಿ ಆರು ಒಹಾಯೋದೋರು ಆಡಿದ್ದಿದ್ರೆ ಆ ಮೀಟಿಂಗ್‌ನ ಯಾರಾದ್ರೂ ಕರೀತಿದ್ರಾ?

ರಾಘು ಮುಖ ಅರಳ್ತು. "ಓ, ಇದು ನಮ್ 2021ರ ಸೆಕೆಂಡ್ ಪಿಯುಸಿ ಥರ! ಪರೀಕ್ಷೇನೇ ಇಲ್ಲ, ಎಸ್ಸೆಸ್ಸೆಲ್ಸಿ, ಫಸ್ಟ್ ಪಿಯು ಮಾರ್ಕ್ಸ್ ನೋಡಿ ಪಾಸ್ ಮಾಡಿದ್ರಲ್ಲ."

"ಅದೇ ಕಣೋ!" ಮಂಜ ಕುರ್ಚಿಯಿಂದ ಎದ್ದೇಬಿಟ್ಟ. "ಹಳೇ ಹೆಸರು ನೋಡಿ ಸೀಟ್ ಕೊಟ್ರು."

ಕ್ಲೆಮ್ಸನ್ ಕೋಚ್ ಡಾಬೋ ಸ್ವಿನ್ನಿಗೂ ಇದೇ ಉರಿ. ಕೋಚ್‌ಗಳೇ ವೋಟ್ ಹಾಕಿ ಸ್ಥಾನ ಕೊಡೋ ಪೋಲ್‌ನಲ್ಲಿ ಒಹಾಯೋ ಸ್ಟೇಟ್‌ಗೆ 11ನೇ ಸ್ಥಾನ ಕೊಟ್ಟ ಪುಣ್ಯಾತ್ಮ, ಅದೂ ಸೆಮಿಫೈನಲ್ಲಲ್ಲಿ ಅವರ ಮೇಲೇ ಆಡ್ಬೇಕು ಅಂತ ಗೊತ್ತಾಗೋ ಹೊತ್ತಿಗೆ. ಜನವರಿ 1ಕ್ಕೆ 49-28. ಹನ್ನೊಂದನೇ ಸ್ಥಾನದೋರು ಚಚ್ಚಿ ಕಳ್ಸಿದ್ರು. ಇದನ್ನ ಸೀನ ಹೇಳ್ತಾ ಇದ್ರೆ ಅವನ ಹೆಂಡ್ತಿ ಹಿಂದಿನಿಂದ "ಮತ್ತೆ ಅದೇ ಕಥೆನಾ" ಅಂದಿದ್ದು ನಮಗೆಲ್ಲ ಕೇಳಿಸ್ತು.

"ಆಮೇಲೆ ಫೈನಲ್ ಏನಾಯ್ತಪ್ಪಾ?" ಮಂಜ ಜೇನುತುಪ್ಪದಂಥ ದನೀಲಿ ಕೇಳ್ದ.

"ಅಲಬಾಮಾ 52, ನಾವು 24."

"ಆರೇ ಮ್ಯಾಚ್ ಆಡಿದೋರ ಹಣೆಬರಹ ಅಷ್ಟೇ."

"ಹೌದಾ? ಅಕ್ಟೋಬರ್ 3ಕ್ಕೆ ಅದೇ ಅಲಬಾಮಾ ನಿಮ್ಗೆ ಎಷ್ಟು ಹೊಡ್ದಿತ್ತು ಮಂಜ?"

ಮಂಜ ನೀರು ಕುಡಿಯೋಕೆ ಹೋದ. ನಾನೇ ಹೇಳ್ಬೇಕಾಯ್ತು ರಾಘುಗೆ, 52-24, ಒಂದು ಪಾಯಿಂಟ್ ಹೆಚ್ಚಿಲ್ಲ ಕಮ್ಮಿ ಇಲ್ಲ. ಯಾರು ದೊಡ್ಡೋರು ಅಂತ ವರ್ಷಗಟ್ಲೆ ಕಿತ್ತಾಡಿದ ಈ ಇಬ್ರಿಗೂ ಅಲಬಾಮಾ ಇಟ್ಟಿದ್ದು ಒಂದೇ ಬೆಲೆ.

ಇಷ್ಟೊತ್ತು ಮ್ಯೂಟಲ್ಲಿ ಸೊಪ್ಪು ಬಿಡಿಸ್ತಾ ಇದ್ದ ಶೈಲಕ್ಕ ಬಾಯಿ ಬಿಟ್ರು. ಅವರಿರೋದು ಸಿನ್ಸಿನ್ಯಾಟಿಲಿ. "ಲೋ, ನಿಮ್ಮಿಬ್ರ ಗೋಳು ಬಿಡ್ರೋ. ಒಂಬತ್ತಕ್ಕೆ ಒಂಬತ್ತೂ ಗೆದ್ದಿದ್ದು ನಮ್ ಹುಡುಗ್ರು. ಎಂಟನೇ ಸ್ಥಾನ. ಏಳನೇದು ಫ್ಲಾರಿಡಾ, ಅವರು ಸೋತಿದ್ದು ಎಷ್ಟು ಹೇಳ್ರಿ? ಮೂರು! ಮೂರು ಸೋತೋರು ಮೇಲೆ, ಒಂದೂ ಸೋಲದೋರು ಕೆಳಗೆ. ಕೋಸ್ಟಲ್ ಕ್ಯಾರೊಲೈನಾದೋರು ಹನ್ನೊಂದಕ್ಕೆ ಹನ್ನೊಂದು ಗೆದ್ದು ಹನ್ನೆರಡನೇ ಸ್ಥಾನ. ನೋಟ್ರ ಡೇಮ್ ಕಾನ್ಫರೆನ್ಸ್ ಫೈನಲ್ಲಲ್ಲಿ 34-10 ಒದೆ ತಿಂದು ಮಾರನೇ ದಿನ ನಾಲ್ಕನೇ ಸೀಟಲ್ಲಿ ಕೂತ್ಕೊಂಡ್ರು."

ಈಗ ನೋಡಿ, ಅಲ್ಲಿವರೆಗೂ ಹಾವು ಮುಂಗುಸಿ ಥರ ಇದ್ದ ಸೀನ ಮಂಜ ಒಂದಾಗ್ಬಿಟ್ರು. "ಅಕ್ಕಾ, ನಿಮ್ ಶೆಡ್ಯೂಲ್ ವೀಕು. ದೊಡ್ಡ ಟೀಮ್ ಜೊತೆ ಎಲ್ಲಿ ಆಡಿದ್ರಿ ನೀವು?"

"ನಿಮ್ ಗುಂಪಿನ ನೆಬ್ರಾಸ್ಕಾ ಮೇಲೆ ಮ್ಯಾಚ್ ನಿಗದಿ ಆಗಿತ್ತಲ್ಲೋ ಸೀನ, ಸೆಪ್ಟೆಂಬರ್‌ಗೆ! ನಿಮ್ ಬಿಗ್ ಟೆನ್‌ನೋರೇ ತಾನೇ ಹೊರಗಿನೋರ ಜೊತೆ ಆಡಲ್ಲ, ನಮ್ ನಮ್ಮಲ್ಲೇ ಆಡ್ಕೋತೀವಿ ಅಂತ ಬಾಗ್ಲು ಹಾಕ್ಕೊಂಡಿದ್ದು? ಎಸ್‌ಇಸಿನೂ ಹಂಗೇ ಮಾಡ್ತು. ಬಾಗ್ಲು ಹಾಕೋರೂ ನೀವೇ, ಒಳಗೆ ಯಾಕ್ ಬರ್ಲಿಲ್ಲ ಅಂತ ಕೇಳೋರೂ ನೀವೇನಾ?"

ನನ್ನ ಕೇಳಿದ್ರೆ ಇಡೀ ಸೀಸನ್ನಿನ ಅನ್ಯಾಯ ಶೈಲಕ್ಕ ಹೇಳಿದ ಆ ಬಾಗಿಲಲ್ಲೇ ಇದೆ. ವೈರಸ್‌ಗೆ ದೊಡ್ಡೋರು ಸಣ್ಣೋರು ಗೊತ್ತಿರ್ಲಿಲ್ಲ, ಕಮಿಟಿಗೆ ಚೆನ್ನಾಗೇ ಗೊತ್ತಿತ್ತು. ಇನ್ನು ಆಡಿದ ಹುಡುಗ್ರು? ಅವರಿಗೆ ಸ್ಕಾಲರ್‌ಶಿಪ್ ಬಿಟ್ಟು ಸಂಬಳ ಅಂತ ಕಾಲೇಜು ಕೊಡ್ತಿರ್ಲಿಲ್ಲ, ಜಾಹೀರಾತಲ್ಲಿ ತಮ್ಮ ಹೆಸರಿಂದ ದುಡ್ಡು ಮಾಡ್ಕೊಳೋಕೂ ಪರ್ಮಿಷನ್ ಬಂದಿದ್ದು 2021ರ ಜುಲೈಲಿ, ಅಂದ್ರೆ ಎಲ್ಲ ಮುಗಿದ್ಮೇಲೆ. ಎಷ್ಟೋ ಕಡೆ ಪಾಠ ಆನ್‌ಲೈನು, ಟ್ಯಾಕಲ್ ಮಾತ್ರ ಆಫ್‌ಲೈನು. ಕೋಚ್‌ಗಳಿಗೆ ಮಿಲಿಯನ್‌ಗಟ್ಲೆ. ಹುಡುಗ್ರಿಗೆ ಸಮಾಧಾನಕ್ಕೆ ಇನ್ನೊಂದು ವರ್ಷ ಆಡೋ ಅವಕಾಶ ಕೊಟ್ರು, ಸಂಬಳ ಇಲ್ಲದ ಕೆಲ್ಸಕ್ಕೆ ಎಕ್ಸ್‌ಟೆನ್ಷನ್ನು!

ಇದನ್ನೆಲ್ಲ ಹೇಳೋಣ ಅಂತ ಬಾಯಿ ತೆಗೆದ್ರೆ ಯಾರೂ ಬಿಡ್ಲಿಲ್ಲ. ಶೈಲಕ್ಕ ಆಗ್ಲೇ 2021ಕ್ಕೆ ಹೋಗಿದ್ರು, ಹದಿಮೂರಕ್ಕೆ ಹದಿಮೂರು ಗೆದ್ದು ಕೊನೆಗೂ ಒಳಗೆ ಹೋದ್ವಲ್ಲ ಅಂತ.

"ಹೋಗಿ 27-6 ಸೋತ್ರಿ" ಅಂದ ಸೀನ.

"ಯಾರ ಮೇಲೆ?" ರಾಘು ಕೇಳ್ದ.

"ಅಲಬಾಮಾ" ಅಂದ್ರು ಮೂರೂ ಜನ ಒಟ್ಟಿಗೆ.