ಟ್ಯೂನಾ ಇಳುವರಿ ಇಳಿದ ವರ್ಷ ಕಡಲಲ್ಲಿ ಮೀನೇ ಕಡಿಮೆಯಾಗಿತ್ತು ಎನ್ನಬಹುದೇ?

ಮಲ್ಪೆಯ ವಿದ್ಯಾರ್ಥಿನಿ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಅರಬ್ಬಿ ಸಮುದ್ರ ಮತ್ತು ಪಶ್ಚಿಮ ಹಿಂದೂ ಮಹಾಸಾಗರದ ಟ್ಯೂನಾ ಇಳುವರಿಯ ಬಗ್ಗೆ ಪ್ರಬಂಧವೊಂದನ್ನು ಬರೆಯುತ್ತಿದ್ದೇನೆ. ನಮ್ಮ ಮೀನುಗಾರಿಕಾ ಧಕ್ಕೆಗೆ ಕೇದರ ಎಂಬ ಸಣ್ಣ ಟ್ಯೂನಾ ಚೆನ್ನಾಗಿ ಬರುವುದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದ ನಂತರದ ತಿಂಗಳುಗಳಲ್ಲಿ. ಲಕ್ಷದ್ವೀಪದಲ್ಲಾದರೋ ಸುಗ್ಗಿ ಸುಮಾರು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ನಡೆಯುತ್ತದೆ. ಇದರ ಮೇಲೆ ವರ್ಷದಿಂದ ವರ್ಷಕ್ಕೂ ದೊಡ್ಡ ಏರಿಳಿತ ಕಾಣುತ್ತದೆ. ಇಳುವರಿ ಇಳಿದ ವರ್ಷ ಕಡಲಿನಲ್ಲಿ ಮೀನಿನ ಸಂಖ್ಯೆಯೇ ಇಳಿದಿತ್ತು ಎಂದು ಬರೆದರೆ ಸರಿಯಾಗುತ್ತದೆಯೇ?

ದ್ವೀಪದ ಒಡನಾಡಿ:
ಲಕ್ಷದ್ವೀಪದ ಲೆಕ್ಕವನ್ನು ಟ್ಯೂನಾದಿಂದಲ್ಲ, ಎರೆಮೀನಿನಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯ ಸ್ಕಿಪ್‌ಜ್ಯಾಕ್ ಟ್ಯೂನಾ ಮೀನುಗಾರಿಕೆ ಬಹುಮಟ್ಟಿಗೆ ಕೋಲಿಗೆ ಕಟ್ಟಿದ ಗಾಳದಿಂದ ನಡೆಯುವಂಥದ್ದು. ಮೊದಲು ಬಂಡೆಸಾಲಿನೊಳಗಿನ ಲಗೂನ್‌ನ ತಿಳಿನೀರಿನಲ್ಲಿ ಬೆರಳುದ್ದದ ಸಣ್ಣ ಮೀನುಗಳನ್ನು ಬಲೆಯಿಂದ ಎತ್ತಿ, ತಳದಲ್ಲಿ ತೂತುಗಳಿದ್ದು ಕಡಲ ನೀರು ಸದಾ ಹರಿದಾಡುವ ದೋಣಿಯ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಳ್ಳುತ್ತಾರೆ. ಹಕ್ಕಿಗಳು ಮುಗಿಬೀಳುವ ಜಾಗದಲ್ಲಿ ಟ್ಯೂನಾ ಹಿಂಡನ್ನು ಗುರುತಿಸಿ, ಒಬ್ಬರು ಎರೆಮೀನನ್ನು ಹಿಡಿಹಿಡಿಯಾಗಿ ಎಸೆಯುತ್ತಿದ್ದರೆ, ಇನ್ನು ಕೆಲವರು ನೀರನ್ನು ಚಿಮ್ಮಿಸಿ ಹಿಂಡನ್ನು ದೋಣಿಯ ಹಿಂಬದಿಯಲ್ಲಿ ಹಿಡಿದಿಡುತ್ತಾರೆ, ಉಳಿದವರು ಮುಳ್ಳಿಲ್ಲದ ಗಾಳದಲ್ಲಿ ಒಂದರ ಹಿಂದೊಂದು ಮೀನನ್ನು ಒಳಗೆ ಎಳೆದು ಹಾಕುತ್ತಾರೆ. ಲಗೂನ್‌ನಲ್ಲಿ ಎರೆಮೀನು ಸಿಗದ ದಿನ, ಹೊರಗೆ ಎಷ್ಟೇ ಟ್ಯೂನಾ ಇದ್ದರೂ ದೋಣಿ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಬಂಡೆಸಾಲಿನ ಆಚೆ ಸಣ್ಣ ದೋಣಿ ಹೋಗುವಂತಿಲ್ಲ. ಹೀಗಾಗಿ ಆ ತಿಂಗಳುಗಳ ಕಡಿಮೆ ಅಂಕಿಯಿಂದ ಮೀನು ವಲಸೆ ಹೋಯಿತು ಎಂದು ತೀರ್ಮಾನಿಸಲು ಆಧಾರವಿಲ್ಲ.

ಮಲ್ಪೆಯ ಕೇದರದ ಕಥೆಯೇ ಬೇರೆ. ಅದು ಕರಾವಳಿಗೆ ಹತ್ತಿರವಿರುವ ಸಣ್ಣ ಟ್ಯೂನಾ. ಮುಂಗಾರಿನಲ್ಲಿ ಆಳದ ತಣ್ಣೀರು ಮೇಲೆದ್ದು ಪ್ಲವಕಗಳು ಹುಲುಸಾಗಿ ಬೆಳೆದು, ಅದರ ಬೆನ್ನಿಗೆ ಬೂತಾಯಿ, ಬಂಗುಡೆಗಳು ನೆರೆಯುವ ಹೊತ್ತಿನಲ್ಲಿ ಕೇದರವೂ ಮೇವನ್ನು ಅರಸಿ ಬರುತ್ತದೆ. ಅದೇ ಹೊತ್ತಿಗೆ ನಿಷೇಧ ಮುಗಿದು ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿಯುವುದರಿಂದ, ಆ ಏರಿಕೆಯಲ್ಲಿ ಕಡಲಿನ ಪಾಲೆಷ್ಟು, ನಿಷೇಧದ ಪಾಲೆಷ್ಟು ಎಂಬುದನ್ನು ಬಿಡಿಸಿಯೇ ನೋಡಬೇಕು.

ಸಾಗರ ಅಧ್ಯಯನಿ:
ವಾರ್ಷಿಕ ಏರಿಳಿತಕ್ಕೆ 1997–98ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಸಾಮಾನ್ಯ ವರ್ಷಗಳಲ್ಲಿ ಪಶ್ಚಿಮ ಹಿಂದೂ ಮಹಾಸಾಗರದ ಪರ್ಸಿನ್ ಹಡಗುಗಳು (ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಹಡಗುಗಳು) ಮಾರ್ಚ್‌ನಿಂದ ಮೇವರೆಗೆ ಮೊಜಾಂಬಿಕ್ ಕಾಲುವೆಯಲ್ಲಿ, ಆಗಸ್ಟ್‌ನಿಂದ ನವೆಂಬರ್‌ವರೆಗೆ ಸೊಮಾಲಿಯಾದ ಆಚೆಯ ಕಡಲಿನಲ್ಲಿ, ವರ್ಷದ ಆರಂಭದಲ್ಲಿ ಸೆಶೆಲ್ಸ್ ಸುತ್ತಮುತ್ತ ಹೆಚ್ಚಾಗಿ ಬಲೆ ಬೀಸುತ್ತವೆ. ಆ ವರ್ಷ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗುವ ವಿದ್ಯಮಾನ) ಮತ್ತು ಹಿಂದೂ ಮಹಾಸಾಗರದ ಡೈಪೋಲ್ (ಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಪೂರ್ವ ಭಾಗ ತಣ್ಣಗಾಗುವ ಸ್ಥಿತಿ) ಒಟ್ಟಿಗೆ ಬಂದು, ಪಶ್ಚಿಮ ಭಾಗದ ಮೇಲ್ಪದರದ ಬೆಚ್ಚನೆಯ ನೀರು ದಪ್ಪಗಾಗಿ, ತಣ್ಣೀರಿನ ಅಂಚು ಆಳಕ್ಕೆ ಸರಿಯಿತು. ಆ ಅಂಚು ಮೇಲೆ ಇದ್ದಾಗ ಅದಕ್ಕೆ ಕೆಳಗೆ ಹೆಚ್ಚು ಹೊತ್ತು ಇರಲೊಲ್ಲದ ಯೆಲ್ಲೋಫಿನ್ ಟ್ಯೂನಾ ಮೇಲೆಯೇ ಒತ್ತೊತ್ತಾಗಿ ಇರುತ್ತದೆ, ಬಲೆಗೂ ಸುಲಭವಾಗಿ ಸಿಗುತ್ತದೆ. ಅಂಚು ಕೆಳಗಿಳಿದಾಗ ಮೀನೂ ಆಳಕ್ಕೆ ಚದುರುತ್ತದೆ. 1998ರ ಆರಂಭದಲ್ಲಿ ಹಡಗುಗಳು ಎಂದಿನ ಜಾಗ ಬಿಟ್ಟು ಪೂರ್ವ ಹಿಂದೂ ಮಹಾಸಾಗರದವರೆಗೆ ಹೋದವು. ಮೀನು ಕೆಲವೇ ತಿಂಗಳಲ್ಲಿ ಸತ್ತುಹೋಗಿರಲಿಲ್ಲ, ಕೈಗೆ ಸಿಗದಂತಾಗಿತ್ತು. ನಿಮ್ಮ ಪ್ರಬಂಧದಲ್ಲಿ ಈ ವ್ಯತ್ಯಾಸವೇ ಮುಖ್ಯವಾಗಬೇಕು.

ಹಳೆಯ ಲೆಕ್ಕಿಗ:
ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ, ಏಕೆಂದರೆ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಅಪಾಯಕಾರಿ. 2003ರಿಂದ 2006ರವರೆಗೆ ಹಿಂದೂ ಮಹಾಸಾಗರದಲ್ಲಿ ಯೆಲ್ಲೋಫಿನ್ ಅಸಾಧಾರಣವಾಗಿ ಸಿಕ್ಕಿತು. 2004ರಲ್ಲಿ ಇಳುವರಿ 5 ಲಕ್ಷ ಟನ್ ದಾಟಿತ್ತು. ಅದನ್ನು ಸಮೃದ್ಧಿಯೆಂದು ಬಗೆದವರಿದ್ದರು. ಅದರ ಹಿಂದೆಯೇ ಇಳಿಕೆ ಬಂತು. ಸುಮಾರು 2008ರಿಂದ 2011ರವರೆಗೆ ಸೊಮಾಲಿ ಕಡಲ್ಗಳ್ಳರ ಭಯದಿಂದ ಹಡಗುಗಳು ಒಳ್ಳೆಯ ಜಾಗಗಳನ್ನೇ ಬಿಟ್ಟು ಸರಿದದ್ದರಿಂದ, ಆ ವರ್ಷಗಳ ಅಂಕಿಗಳಲ್ಲಿ ಕಡಲಿನ ಸ್ಥಿತಿ ಎಷ್ಟು, ಭಯ ಎಷ್ಟು ಎಂದು ಹೇಳುವುದು ಕಷ್ಟ. ಆದರೆ 2015ರಲ್ಲಿ ಹಿಂದೂ ಮಹಾಸಾಗರ ಟ್ಯೂನಾ ಆಯೋಗದ ವಿಜ್ಞಾನಿಗಳು ಯೆಲ್ಲೋಫಿನ್ ಸಂತತಿ ಅತಿಮೀನುಗಾರಿಕೆಗೆ ತುತ್ತಾಗಿದೆ ಎಂದು ನಿರ್ಣಯಿಸಿದರು, ಮರುವರ್ಷ ಇಳುವರಿ ಕಡಿತದ ಯೋಜನೆಯೂ ಬಂತು. ಆ ನಂತರದ ವರ್ಷಗಳಲ್ಲಿ ವರ್ಷಾಂತ್ಯದ ಅಂಕಿ ಇಳಿದಿದ್ದರೆ, ಕೋಟಾ ಮುಗಿದು ಹಡಗು ನಿಂತಿತ್ತೇ ಎಂಬುದನ್ನೂ ನೋಡಿ.

ಮಲ್ಪೆಯ ವಿದ್ಯಾರ್ಥಿನಿ:
ಎಲ್ಲರಿಗೂ ಧನ್ಯವಾದ. ಹಾಗಾದರೆ ಒಟ್ಟು ಟನ್ನುಗಳ ಬದಲು ಒಂದು ದಿನದ ದುಡಿಮೆಗೆ ಸಿಕ್ಕ ಮೀನಿನ ಲೆಕ್ಕ ಸಾಕೇ?

ಹಳೆಯ ಲೆಕ್ಕಿಗ:
ಒಟ್ಟು ಟನ್ನಿಗಿಂತ ಅದು ಎಷ್ಟೋ ಮೇಲು, ಆದರೆ ಅದೊಂದೇ ಸಾಲದು. ಮೀನನ್ನು ಸೆಳೆಯಲು ಕಡಲಿನಲ್ಲಿ ಬಿಟ್ಟ ತೇಲುಗೂಡುಗಳಿಗೆ ಉಪಗ್ರಹ ಬೋಯ್ (ಜಾಗ ತಿಳಿಸುವ ತೇಲುಸಾಧನ) ಕಟ್ಟಿ ಮೀನಿರುವ ಜಾಗವನ್ನು ಮೊದಲೇ ತಿಳಿದು ಹೋಗುವ ಹಡಗಿನ ಒಂದು ದಿನವೂ, ಹಿಂದೆ ಹಿಂಡು ಹುಡುಕುತ್ತ ಅಲೆಯುತ್ತಿದ್ದ ಹಡಗಿನ ಒಂದು ದಿನವೂ ಸಮವಲ್ಲ. ಆದ್ದರಿಂದ ಬಲೆಯ ಬಗೆ, ತಿಂಗಳು, ಜಾಗ ಮತ್ತು ಸಿಕ್ಕ ಮೀನಿನ ಉದ್ದ ಇವನ್ನೂ ಜೊತೆಗಿಟ್ಟುಕೊಳ್ಳಿ. ವರ್ಷ ಕಳೆದಂತೆ ದೊಡ್ಡ ಮೀನಿನ ಪಾಲು ಕುಗ್ಗುತ್ತ ಹೋಗಿದ್ದರೆ, ಟನ್ನಿನ ಅಂಕಿ ಸ್ಥಿರವಾಗಿದ್ದರೂ ಅದನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆಯಿರಿ.